ಬಾಗಿಲ ಸಂದು ಹಿಡಿದ ಆರು ತಿಂಗಳು: 1951ರ ಶೆವರ್ಲೆ ಪಿಕಪ್ಪಿನ ತಗಡಿನ ಕೆಲಸ

ನಮ್ಮ ಮನೆಯ ಶೆವರ್ಲೆ ಪಿಕಪ್ಪಿನ ಬಾಗಿಲು, ಬಾನೆಟ್, ಮಡ್‌ಗಾರ್ಡು ಕೂರಿಸುವ ಕೆಲಸ ಮೊನ್ನೆ ಭಾನುವಾರ ಒಂದು ಹಂತಕ್ಕೆ ಬಂತು. ದೀಪಾವಳಿ ಕಳೆದ ಮೇಲೆ ಹಿಡಿದದ್ದು, ಮಳೆ ಹಿಡಿಯುವ ಮುಂಚೆ ಮುಗಿಸಲೇಬೇಕಿತ್ತು. ಇದರಲ್ಲಿ ಹತ್ತಿರ ಹತ್ತಿರ ಎರಡು ತಿಂಗಳು ನನ್ನ ತಪ್ಪಿನಿಂದಲೇ ದಂಡವಾಯಿತು. ಹಳೇ ಜೀಪು, ಪಿಕಪ್ಪು ಮನೆಯಲ್ಲಿ ಇಟ್ಟುಕೊಂಡವರು ನಮ್ಮ ಮಲೆನಾಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಸುತ್ತಿಗೆ ಎತ್ತುವ ಮೊದಲು ಓದಲಿ ಅಂತ ಅಳತೆ, ಖರ್ಚು, ಎಡವಿದ ಜಾಗ ಎಲ್ಲ ಬರೆದಿದ್ದೇನೆ.

ಗಾಡಿ 1951ರದ್ದು, ಅರ್ಧ ಟನ್ನಿನ 3100 ಮಾದರಿ. ಮುಂದಿನ ಗಾಜು ಎರಡು ತುಂಡು, ಗ್ರಿಲ್ಲಿಗೆ ಐದು ಅಡ್ಡಪಟ್ಟಿ, ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 116 ಇಂಚು. ಆಗ ಜನರಲ್ ಮೋಟಾರ್ಸ್‌ನವರು ಬೊಂಬಾಯಿಯ ಸೇವ್ರಿಯಲ್ಲಿ ಗಾಡಿ ಜೋಡಿಸುತ್ತಿದ್ದರು. 1928ರಲ್ಲಿ ಶುರುಮಾಡಿ 1954ರಲ್ಲಿ ನಿಲ್ಲಿಸಿದರು. ಅಜ್ಜಯ್ಯ ಇದನ್ನು ಕೊಪ್ಪದ ಕಡೆಯ ಕಾಫಿ ತೋಟದವರಿಂದ ಸೆಕೆಂಡ್ ಹ್ಯಾಂಡ್ ತಂದು, ಅಡಿಕೆ ಮೂಟೆ ಹೇರಿ ಶಿವಮೊಗ್ಗದ ಮಂಡಿಗೆ ಓಡಿಸಿದ್ದರು. 1994ರಿಂದ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ನಿಂತಿತ್ತು. ಎಡಗಡೆ ಗೊಬ್ಬರದ ಗುಂಡಿ, ಮಾಡಿನ ನೀರು ಬೀಳುವುದೂ ಅದೇ ಕಡೆ. ತೀರ್ಥಹಳ್ಳಿ ಸೀಮೆಯ ಮಳೆ ಮೂವತ್ತು ವರ್ಷ ಅಲ್ಲಿ ಸಿಡಿದರೆ ತಗಡು ಏನಾಗಬೇಕೋ ಅದೇ ಆಗಿತ್ತು.

ಎಂಜಿನ್, ಬ್ರೇಕು ಹಿಂದಿನ ವರ್ಷವೇ ಮುಗಿದಿದ್ದವು. ಕ್ಯಾಬಿನ್ ಮಾತ್ರ ಚಾಸಿಯಿಂದ ಎತ್ತಿರಲಿಲ್ಲ. ಮುಂದೆ ಅನುಭವಿಸಿದ್ದೆಲ್ಲ ಅದರಿಂದಲೇ.

ನವೆಂಬರ್ 19, 2023

ಬಾಗಿಲು ಎರಡನ್ನೂ ಬಿಚ್ಚಿದೆ. ಹಿಂಜಿನ ಸ್ಕ್ರೂ ಎಂಟರಲ್ಲಿ ಮೂರು ಜಪ್ಪಯ್ಯ ಅನ್ನಲಿಲ್ಲ. ಡೀಸೆಲ್ ಹಾಕಿ ಎರಡು ರಾತ್ರಿ ಬಿಟ್ಟು, ಗ್ಯಾಸಿನಲ್ಲಿ ಕಾಯಿಸಿ, ಸುತ್ತಿಗೆ ಏಟಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರಿನಲ್ಲಿ ಬಿಚ್ಚಬೇಕಾಯಿತು. ಆ ಸ್ಕ್ರೂ ಕಚ್ಚುವ ಪ್ಲೇಟು ಬಾಗಿಲು ನೇತುಹಾಕುವ ಕಂಬದ ಒಳಗೆ ಸಡಿಲವಾಗಿ ಕೂತಿರುತ್ತದೆ, ಬಾಗಿಲನ್ನು ಆಚೀಚೆ ಸರಿಸಲಿಕ್ಕೆ ಅಂತಲೇ. ಡ್ರಿಲ್ ಹಾಕಿ ಅದನ್ನು ಹಾಳುಮಾಡಿದರೆ ಕಂಬವನ್ನೇ ಕೊಯ್ಯಬೇಕು. ಇಲ್ಲಿ ಅವಸರ ಮಾಡಲಿಲ್ಲ.

ತುಕ್ಕು ಹಿಡಿದ ಹೊಸ್ತಿಲ ತಗಡು, ಹಿಂದಿನ ಮೂಲೆಗಳನ್ನು ಕೊಯ್ದು 18 ಗೇಜಿನ ಹೊಸ ತಗಡು ಹಾಕಿದೆ. ಬಲಗಡೆ ಕೊಯ್ಯುವ ಮೊದಲು ಬಾಗಿಲ ಬಾಯಿಗೆ ಮುಕ್ಕಾಲು ಇಂಚಿನ ಪೈಪು ಅಡ್ಡ ಒಂದು, ಓರೆ ಒಂದು ವೆಲ್ಡ್ ಮಾಡಿ ಬಿಗಿದಿದ್ದೆ. ಎಡಗಡೆ ಕೊಯ್ಯುವಾಗ ಸಂಜೆಯಾಗಿತ್ತು. ಮೂಲೆ ಒಂದೇ ಅಲ್ಲವಾ ಅಂತ ಪೈಪು ಹಾಕದೆ ಕೊಯ್ದೆ. ಮೊದಲ ತಪ್ಪು ಇದು. ಬಾಗಿಲ ಬಾಯಿಗೆ ಪೈಪು ಕೊಡದೆ ಹೊಸ್ತಿಲ ಹತ್ತಿರ ಯಾವ ತಗಡನ್ನೂ ಬಿಡಿಸಬೇಡಿ, ಎಷ್ಟೇ ಚಿಕ್ಕದಾಗಿರಲಿ.

ಡಿಸೆಂಬರ್ 10

ಹಿಂಜಿನ ಪಿನ್ನು ಸವೆದಿದೆಯೋ ಇಲ್ಲವೋ ನೋಡುವುದು ಸುಲಭ. ಬಾಗಿಲು ಅರ್ಧ ತೆಗೆದು, ಲಾಕಿನ ತುದಿ ಹಿಡಿದು ಮೇಲಕ್ಕೆತ್ತಿ. ಬಲಗಡೆ ಬಾಗಿಲು ಬಿಚ್ಚುವ ಮೊದಲು ಆ ತುದಿಯಲ್ಲಿ 11 ಮಿ.ಮೀ. ಎದ್ದಿತ್ತು. ಪಿನ್ನು ಹೊರಗೆ ತೆಗೆದು ನೋಡಿದರೆ ಒಂದೇ ಮಗ್ಗುಲಿಗೆ 0.6 ಮಿ.ಮೀ. ಸವೆದಿತ್ತು, ಹಿಂಜಿನ ತೂತು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ತೀರ್ಥಹಳ್ಳಿಯ ಲೇತಿನಲ್ಲಿ ನಾಲ್ಕೂ ಹಿಂಜಿಗೆ ಹಿತ್ತಾಳೆ ಬುಷ್ ಕೂರಿಸಿ ಹೊಸ ಪಿನ್ನು ಮಾಡಿಸಿದೆ. ಖರ್ಚು 1,800 ರೂಪಾಯಿ.

ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಅಳೆಯುವುದಕ್ಕೆ ಬೇರೆ ಸಾಧನ ತರಲಿಲ್ಲ. ಡ್ರಿಲ್ ಬಿಟ್ಟಿನ ನುಣ್ಣನೆಯ ಹಿಂಭಾಗವೇ ಸಾಕು. 4, 5, 6 ಮಿ.ಮೀ. ಬಿಟ್ಟು ಮೂರು ಜೇಬಿನಲ್ಲಿಟ್ಟುಕೊಂಡರೆ ಯಾವ ಸಂದು ಎಷ್ಟು ಅಂತ ಕೈಗೇ ಗೊತ್ತಾಗುತ್ತದೆ. ನನ್ನ ಗುರಿ ಬಾಗಿಲ ಸುತ್ತ 5 ಮಿ.ಮೀ. ಮೂಟೆ ಹೊರಲು ಕಟ್ಟಿದ ಗಾಡಿ, ಇದಕ್ಕಿಂತ ಬಿಗಿ ಮಾಡುವುದಕ್ಕೆ ಹೋಗಬಾರದು. ಬಣ್ಣ ಎರಡೂ ಅಂಚಿಗೆ ಸೇರಿ ಸಂದನ್ನು ಇನ್ನೊಂದಿಷ್ಟು ತಿನ್ನುತ್ತದೆ.

ಬಲಗಡೆ ಬಾಗಿಲು ಒಂದೇ ದಿನಕ್ಕೆ ಕೂತಿತು. ಹಿಂಜಿನ ಸ್ಕ್ರೂ ಅರೆಬಿಗಿ ಇಟ್ಟುಕೊಂಡು, ಬಾಗಿಲ ಕೆಳಗೆ ಅಡಿಕೆ ದಬ್ಬೆಯ ತುಂಡು ಕೊಟ್ಟು ಎತ್ತಿ, ಮೊದಲು ಹಿಂದಿನ ಸಂದು, ಆಮೇಲೆ ಮೇಲಿನದು ನೋಡಿ ಬಿಗಿದೆ. ಸುತ್ತ 5, ಕೆಳಗೆ 5.5. ಈ ಸುಲಭವೇ ನನ್ನನ್ನು ಎಡಗಡೆ ದಾರಿ ತಪ್ಪಿಸಿತು.

ಡಿಸೆಂಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ

ಅಡಿಕೆ ಕೊಯ್ಲಿನ ಕಾಲ. ಹಗಲು ತೋಟ, ಸುಲಿತ, ಬೇಯಿಸುವುದು. ಗಾಡಿಗೆ ಸಿಗುತ್ತಿದ್ದದ್ದು ರಾತ್ರಿ ಊಟದ ಹೊತ್ತಿನವರೆಗಿನ ಎರಡು ಗಂಟೆ, ಅದೂ ಬಲ್ಬಿನ ಬೆಳಕಿನಲ್ಲಿ.

ಎಡಗಡೆ ಬಾಗಿಲು ಹಾಕಿದಾಗ ಇದ್ದ ಅಳತೆ: ಮೇಲಿನ ಸಂದು ಮುಂದೆ 5, ಹಿಂದಿನ ಮೂಲೆಯಲ್ಲಿ 1.5. ಕೆಳಗಿನ ಸಂದು ಮುಂದೆ 5, ಹಿಂದೆ 9. ಬಾಗಿಲ ಮೇಲಿನ ಉಬ್ಬುಗೆರೆ ಹಿಂದಿನ ತುದಿಯಲ್ಲಿ ಕ್ಯಾಬಿನ್ನಿನ ಗೆರೆಗಿಂತ ಸುಮಾರು 4 ಮಿ.ಮೀ. ಎತ್ತರ. ಅಂದರೆ ಬಾಗಿಲ ಬಾಲ, ಹಿಂದಿನ ತುದಿ, ಎದ್ದಿದೆ. ಹಿಂಜು ಸವೆದ ಬಾಗಿಲು ಯಾವತ್ತೂ ಬಾಲ ಇಳಿಸುತ್ತದೆ, ಎತ್ತುವುದಿಲ್ಲ. ಬುಷ್ ಹೊಸದು ಬೇರೆ. ಇಷ್ಟು ಯೋಚನೆ ಮಾಡಿದ್ದರೆ ಅವತ್ತೇ ಕೆಲಸ ಮುಗಿಯುತ್ತಿತ್ತು. ನಾನು ಬಾಲ ಇಳಿಸುವುದಕ್ಕೆ ಹೊರಟೆ.

ಮೊದಲು ಮೇಲಿನ ಹಿಂಜಿನ ಅಡಿಗೆ 2 ಮಿ.ಮೀ. ದಪ್ಪದ ತುಂಡು, ಅಂದರೆ ಪ್ಯಾಕಿಂಗ್, ಕೊಟ್ಟೆ. ಬಾಲ 3 ಮಿ.ಮೀ. ಇಳಿಯಿತು, ಖುಷಿಯಾಯಿತು. ಮಾರನೇ ದಿನ ಹಗಲಿನಲ್ಲಿ ನೋಡಿದರೆ ಮುಂದಿನ ಸಂದು ಮೇಲೆ 7, ಕೆಳಗೆ 3.5, ನೆಟ್ಟಗಿದ್ದದ್ದು ಬೆಣೆಯ ಹಾಗಾಗಿತ್ತು. ಪ್ಯಾಕಿಂಗ್ ತೆಗೆದೆ. ಆಮೇಲೆ ಎರಡೂ ಹಿಂಜನ್ನು ತೂತು ಬಿಡುವಷ್ಟು ಕೆಳಕ್ಕೆ ಸರಿಸಿದೆ. ಹಿಂದಿನ ಮೂಲೆ ಬಿಡಿಸಿಕೊಂಡಿತು, ಮುಂದಿನ ಮೂಲೆ ಹೊಸ್ತಿಲಿಗೆ ತಾಗಿತು. ಅದನ್ನೂ ವಾಪಸ್ ಮಾಡಿದೆ. ಲಾಕ್ ಕಚ್ಚುವ ತುಂಡನ್ನು ಕೆಳಗಿಳಿಸಿ ಬಾಗಿಲನ್ನು ಎಳೆದು ಕೂರಿಸಲು ನೋಡಿದೆ. ಲಾಕ್ ಇರುವುದು ಬಾಗಿಲನ್ನು ಹಿಡಿದುಕೊಳ್ಳಲಿಕ್ಕೆ, ಅದರಿಂದ ಬಾಗಿಲನ್ನು ಎಳೆಸಬಾರದು. ಎರಡೇ ದಿನಕ್ಕೆ ಲಾಕಿನ ನಾಲಿಗೆ ಗೀಚಿಹೋಯಿತು.

ಜನವರಿ ಕೊನೆಯ ವಾರ ತಾಳ್ಮೆ ತಪ್ಪಿ ಗ್ರೈಂಡರ್ ತೆಗೆದುಕೊಂಡು ಬಾಗಿಲ ಮೇಲಿನ ಹಿಂಮೂಲೆಯನ್ನು 14 ಸೆಂ.ಮೀ. ಉದ್ದಕ್ಕೆ 2 ಮಿ.ಮೀ. ಉಜ್ಜಿಹಾಕಿದೆ. ಎಪ್ಪತ್ತು ವರ್ಷ ಉಳಿದುಕೊಂಡ ಬಾಗಿಲಿನಲ್ಲಿ ಸರಿ ಇದ್ದ ಏಕೈಕ ಅಂಚು ಅದು. ಕೊನೆಯಲ್ಲಿ ತಗಡು ಕಾಗದದಷ್ಟು ತೆಳ್ಳಗಾಗಿ ಒಂದು ಕಡೆ ಬೆಳಕು ಕಂಡಿತು. ಗ್ರೈಂಡರ್ ಕೆಳಗಿಟ್ಟು ಬಂದವನು ಹದಿನೈದು ದಿನ ಆ ಮಾಡಿನ ಕಡೆ ಹೋಗಲಿಲ್ಲ.

ಫೆಬ್ರುವರಿ 18

ಶಿವಮೊಗ್ಗದ ಸಾಗರ ರಸ್ತೆ ಕಡೆ ನಲವತ್ತು ವರ್ಷ ಅಂಬಾಸಿಡರ್, ಜೀಪು, ಲಾರಿ ಕ್ಯಾಬಿನ್ ತಟ್ಟಿದ ಟಿಂಕರ್ ಮೇಸ್ತ್ರಿಯೊಬ್ಬರನ್ನು ಭಾವ ಒಪ್ಪಿಸಿ ಕಳಿಸಿದರು. ದಿನಕ್ಕೆ 1,500 ಕೂಲಿ, ಬಸ್ ಚಾರ್ಜು ಬೇರೆ. ಬಂದವರು ಚಾ ಕುಡಿಯುತ್ತಾ ದೂರದಲ್ಲೇ ನಿಂತು ಬಾಗಿಲು ನೋಡಿದರು. ಹತ್ತಿರ ಬಂದು ಉಜ್ಜಿದ ಮೂಲೆಗೆ ಹೆಬ್ಬೆರಳು ಇಟ್ಟರು.

"ಗೌಡ್ರೇ, ಬಾಗ್ಲಿಗೆ ಎಂತಕ್ಕೆ ಹೊಡ್ದ್ರಿ? ಬಾಗ್ಲು ಸರಿ ಇದೆ. ಚೌಕಟ್ಟು ಓಡಿದೆ."

"ಎಲ್ಲಿ ಓಡಿದೆ ಮೇಸ್ತ್ರೇ?"

"ಅದು ನಿಂತ್ಕೊಂಡ್ರೆ ಕಾಣಲ್ಲ. ಗೋಣಿಚೀಲ ಕೊಡಿ, ಕೆಳಗೆ ಮಲಗ್ಬೇಕು."

ಗಾರೆಯವರ ನೀರಿನ ಮಟ್ಟದ ಪೈಪು ತರಿಸಿದರು. ಮೊದಲು ಚಾಸಿಯ ನಾಲ್ಕು ಮೂಲೆ ನೋಡಿ, ತಗ್ಗಿದ್ದ ಟಯರಿನ ಕೆಳಗೆ ಹಲಗೆ ಕೊಟ್ಟು ಸಮಮಟ್ಟ ಮಾಡಿಸಿದರು. ಗಾಡಿ ತನ್ನ ಚಕ್ರದ ಮೇಲೇ ನಿಂತಿರಬೇಕು, ಎಂಜಿನ್ ಒಳಗಿರಬೇಕು. ಭಾರ ಬಿದ್ದಾಗಿನ ಚಾಸಿಯೇ ಬೇರೆ, ಸ್ಟ್ಯಾಂಡ್ ಮೇಲಿನ ಚಾಸಿಯೇ ಬೇರೆ ಅಂದರು. ಆಮೇಲೆ ಕ್ಯಾಬಿನ್ನಿನ ಕೆಳಗಿನ ನಾಲ್ಕು ಮೂಲೆಗೆ ಅದೇ ಪೈಪು. ಮುಂದಿನ ಎರಡು, ಬಲಗಡೆ ಹಿಂದಿನದು ಒಂದೇ ಮಟ್ಟ. ಎಡಗಡೆ ಹಿಂದಿನ ಮೂಲೆ 9 ಮಿ.ಮೀ. ಕೆಳಗೆ.

ಕ್ಯಾಬಿನ್ ಚಾಸಿಯ ಮೇಲೆ ಕೂರುವ ಜಾಗದ ರಬ್ಬರ್ ಅಲ್ಲಿ ಇರಲೇ ಇಲ್ಲ. ಕರಗಿ, ಮಣ್ಣಾಗಿ, ಅದರ ಮೇಲಿನ ಕಬ್ಬಿಣದ ಬಟ್ಟಲೂ ತಿಂದುಹೋಗಿ, ಕ್ಯಾಬಿನ್ ತಗಡು ನೇರ ಬ್ರಾಕೆಟ್ಟಿನ ಮೇಲೆ ಕೂತಿತ್ತು. ಈ ಮಾದರಿಯಲ್ಲಿ 1949ರಿಂದ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ ಒಳಗೇ, ಸೀಟಿನ ಬೆನ್ನ ಹಿಂದೆ. ತುಂಬಿದ ಟ್ಯಾಂಕಿನ ಭಾರವೆಲ್ಲ ಹಿಂದಿನ ಎರಡು ಮೂಲೆಯದ್ದೇ. ಎಡಮೂಲೆ ಕುಸಿದಾಗ ಕ್ಯಾಬಿನ್ ತಿರುಚಿಕೊಂಡು ಹಿಂದಿನ ಕಂಬ, ಸೂರಿನ ಮೂಲೆ ಸಮೇತ ಕೆಳಗೆ ಬಂದಿದೆ. ಬಾಗಿಲು ನೇತುಹಾಕಿರುವುದು ಮುಂದಿನ ಕಂಬಕ್ಕೆ, ಅದು ಇದ್ದಲ್ಲೇ ಇದೆ. ಬಾಲ ಎದ್ದಿದ್ದಲ್ಲ, ಸುತ್ತಲಿನ ಬಾಯಿ ಇಳಿದದ್ದು.

ಮೇಸ್ತ್ರಿ ಆ ಮೂಲೆಗೆ ಅಗಲದ ಹಲಗೆ ಕೊಟ್ಟು ಜಾಕ್ ಇಟ್ಟರು. ಬೋಲ್ಟ್ ಸಡಿಲಿಸಿದರು. ನನ್ನ ಕೈಗೆ 4 ಮಿ.ಮೀ. ಡ್ರಿಲ್ ಬಿಟ್ಟು ಕೊಟ್ಟು, ಮೇಲಿನ ಸಂದಿನಲ್ಲಿ ಉಜ್ಜಿದ ಜಾಗದಿಂದ ಒಂದು ಬೆರಳು ಮುಂದೆ ಅದರ ತುದಿ ಒತ್ತಿ ಹಿಡಿದಿರಿ ಅಂದರು. ಬಿಟ್ಟು ಒಳಗೆ ಹೋಗುತ್ತಿರಲಿಲ್ಲ, ಅಂಚಿಗೆ ಆತುಕೊಂಡಿತ್ತು. ಅವರು ಜಾಕಿನ ಕೈ ಒಂದೊಂದೇ ಸಲ ಒತ್ತುತ್ತಾ ಹೋದರು. ಆರನೆಯದೋ ಏಳನೆಯದೋ ಒತ್ತಿಗೆ ತಗಡು ಸಣ್ಣಗೆ ಟಣ್ ಅಂದಿತು. ಇನ್ನೊಂದು ಒತ್ತು. ಬೆರಳ ನಡುವಿನ ಬಿಟ್ಟು ತಾನಾಗಿ ಒಳಕ್ಕೆ ಜಾರಿ ಸಲೀಸಾಗಿ ಆಡತೊಡಗಿತು. ಬಾಗಿಲ ಗೆರೆ, ಕ್ಯಾಬಿನ್ ಗೆರೆ ಒಂದೇ ಗೆರೆಯಾಗಿ ನಿಂತವು. ಬಾಗಿಲನ್ನು ಯಾರೂ ಮುಟ್ಟಿರಲಿಲ್ಲ.

ಉಜ್ಜಿದ ಮೂಲೆಯಲ್ಲಿ ಈಗ ಸಂದು 7.

ಫೆಬ್ರುವರಿ 25, ಮಾರ್ಚ್ 10

ಕುಸಿದ ಬಟ್ಟಲಿನ ಜಾಗಕ್ಕೆ 4 ಮಿ.ಮೀ. ಪ್ಲೇಟು ಕೊಯ್ದು ವೆಲ್ಡ್ ಮಾಡಿದೆವು. ರಬ್ಬರಿಗೆ ನಾನು ಲಾರಿ ಟಯರಿನ ಪಕ್ಕದ ಗೋಡೆ ಕೊಯ್ದು ಎರಡು ಪದರ ಹಾಕಿದೆ. ಮೇಸ್ತ್ರಿ ಬೇಡ ಅಂದಿದ್ದರು, ಕೈಯಲ್ಲಿ ಇದ್ದದ್ದು ಅದೇ ಅಂತ ಹಾಕಿದೆ. ಹದಿನೈದು ದಿನ ಟ್ಯಾಂಕಿನಲ್ಲಿ ನೀರು ತುಂಬಿಸಿಟ್ಟು ನೋಡಿದಾಗ 3 ಮಿ.ಮೀ. ಇಳಿದಿತ್ತು, ಸಂದು ಮತ್ತೆ ಓಡಿತ್ತು. ಆಮೇಲೆ ಶಿವಮೊಗ್ಗದಿಂದ ಹಳೇ ಕನ್ವೇಯರ್ ಬೆಲ್ಟಿನ 12 ಮಿ.ಮೀ. ದಪ್ಪದ ತುಂಡು 350 ರೂಪಾಯಿಗೆ ತಂದೆ. ನಡುವೆ ಬಟ್ಟೆಯ ಪದರ ಇರುವುದರಿಂದ ಅದು ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ. ನಾಲ್ಕೂ ಮೂಲೆಗೆ ಅದನ್ನೇ ಹಾಕಿದೆ. ಒಂದು ಹೊಸದು, ಮೂರು ಹಳೆಯದು ಅಂದರೆ ಮತ್ತೆ ಅದೇ ಕಥೆ. ಇವತ್ತಿನವರೆಗೆ ಅಳತೆ ಕದಲಿಲ್ಲ.

ಟ್ಯಾಂಕಿಗೆ ನೀರು ತುಂಬಿಸಿದ್ದು ಭಾರ ನೋಡಲಿಕ್ಕೆ. ಮಾರನೇ ದಿನವೇ ಖಾಲಿಮಾಡಿ ಒಣಗಿಸಬೇಕಿತ್ತು. ಹದಿನೈದು ದಿನ ಬಿಟ್ಟು ಒಳಗೆ ತುಕ್ಕು ಮಾಡಿಕೊಂಡೆ. ಅದರ ಕೆಲಸ ಬಾಕಿ ಇದೆ.

ಪೈಪು ಕೊಡದೆ ಕೊಯ್ದ ತಪ್ಪು ಈಗ ಹೊರಗೆ ಬಂತು. ಹಿಂದಿನ ಸಂದು ಮೇಲೆ 5, ಕೆಳಗೆ 7. ಕಂಬದ ಬುಡ ಹಿಂದಕ್ಕೆ 2 ಮಿ.ಮೀ. ಹೋಗಿತ್ತು. ನವೆಂಬರಿನಲ್ಲಿ ಹಾಕಿದ ವೆಲ್ಡನ್ನೇ ಪುನಃ ಕೊಯ್ದು, ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ತಿರುಪಿನ ಕೊಂಡಿ ಹಾಕಿ ಎಳೆದು, ಪೈಪು ಕೊಟ್ಟು ಬಿಗಿದು ವೆಲ್ಡ್ ಮಾಡಿದೆವು. ಪೂರ್ತಿ ಒಂದು ದಿನ.

ಮೂಲೆಯ ದುರಸ್ತಿ ಮೇಸ್ತ್ರಿಯೇ ಮಾಡಿದರು. ತೆಳ್ಳಗಾದ ತಗಡು ಕೊಯ್ದು ತೆಗೆದು ಹೊಸ ಪಟ್ಟಿ, ಅದರ ಅಂಚಿಗೆ ಗ್ಯಾಸ್ ವೆಲ್ಡಿಂಗಿನ 2 ಮಿ.ಮೀ. ಕಡ್ಡಿ ಉದ್ದಕ್ಕೆ ಮಲಗಿಸಿ ಹನಿ ಹನಿಯಾಗಿ ಹಿಡಿಸಿದರು. ಒಂದು ಹನಿ ಇಲ್ಲಿ, ಮುಂದಿನದು ನಾಲ್ಕು ಬೆರಳು ಆಚೆ, ನಡುವೆ ಒದ್ದೆಬಟ್ಟೆ. ಒಂದೇ ಸಮ ಎಳೆದಿದ್ದರೆ ಕಾವಿಗೆ ಬಾಗಿಲ ಚೌಕಟ್ಟೇ ಸೊಟ್ಟಗಾಗುತ್ತಿತ್ತು. ಆಮೇಲೆ ಅರ. ಗ್ರೈಂಡರ್ ಮುಟ್ಟಲು ಬಿಡಲಿಲ್ಲ. ಕೈಯಾಡಿಸಿದರೆ ಎಲ್ಲಿ ಬೆಸೆದದ್ದು ಅಂತ ಈಗ ತಿಳಿಯುವುದಿಲ್ಲ.

ಮಾರ್ಚ್ 31

ಎರಡೂ ಬಾಗಿಲು ಸರಿ ಅಂತ ಸುತ್ತಲಿನ ರಬ್ಬರ್ ಬೀಡಿಂಗ್ ಅಂಟಿಸಿದೆ. ಬಾಗಿಲು ಮುಚ್ಚಲೇ ಇಲ್ಲ. ಭುಜ ಕೊಟ್ಟು ನೂಕಿದರೆ ಲಾಕ್ ಬಿತ್ತು, ಆದರೆ ಹಿಂದಿನ ಅಂಚು ಕ್ಯಾಬಿನ್ನಿಗಿಂತ 4 ಮಿ.ಮೀ. ಹೊರಗೆ. ರಬ್ಬರ್ ಇಲ್ಲದೆ ಕೂರಿಸಿದ್ದು ತಪ್ಪು. ತಂದ ಬೀಡಿಂಗೂ ದಪ್ಪ. ಒತ್ತಿದಾಗ ಅರ್ಧಕ್ಕೆ ಇಳಿಯುವ ಟೊಳ್ಳು ಬೀಡಿಂಗ್ ಬೇಕಿತ್ತು, ನನ್ನದು ಗಟ್ಟಿ. ಬೇರೆ ತಂದು ಹಾಕಿ, ಹಿಂಜು, ಲಾಕ್ ಮತ್ತೆ ಹೊಂದಿಸಿದೆ. ಎರಡೂ ಸೇರಿ ರಬ್ಬರಿಗೆ 2,150.

ಬಾಗಿಲ ಅಳತೆ ತೆಗೆಯುವಾಗ ರಬ್ಬರ್, ಗಾಜು, ಲಾಕ್ ಎಲ್ಲ ಇರಲಿ. ಗಾಜಿನ ಭಾರಕ್ಕೇ ಒಂದು ಮಿ.ಮೀ. ಇಳಿಯುತ್ತದೆ.

ಏಪ್ರಿಲ್ 14, 21

ಮುಂದಿನ ಭಾಗ. ಕ್ರಮ ಹೀಗೆ: ಮೊದಲು ಬಾನೆಟ್ಟಿನ ಹಿಂದಿನ ಅಂಚನ್ನು ಗಾಜಿನ ಕೆಳಗಿನ ತಗಡಿಗೆ ಹೊಂದಿಸಬೇಕು, ಆಮೇಲೆ ಬಾಗಿಲಿಗೂ ಬಾನೆಟ್ಟಿಗೂ ಮಡ್‌ಗಾರ್ಡು, ಗ್ರಿಲ್ಲು ಕೊನೆಗೆ. ಯಾವ ಬೋಲ್ಟೂ ಕೊನೆಯವರೆಗೆ ಪೂರ್ತಿ ಬಿಗಿಯಬಾರದು.

ಬಾನೆಟ್ಟಿನ ಹಿಂದಿನ ಸಂದನ್ನು 3 ಮಿ.ಮೀ. ಇಟ್ಟೆ, ಮುಚ್ಚಿದಾಗ ಬಹಳ ಚಂದ ಕಂಡಿತು. ಎತ್ತಿದ ಕೂಡಲೇ ಹಿಂದಿನ ಅಂಚು ಕೆಳಗಿನ ತಗಡಿಗೆ ಉಜ್ಜಿ ಪ್ರೈಮರ್ ಕಿತ್ತುಕೊಂಡು ಬಂತು. ತೆರೆಯುವಾಗ ಅದು ಸ್ವಲ್ಪ ಹಿಂದಕ್ಕೆ ಹೋಗುತ್ತದೆ. 6ಕ್ಕೆ ಇಟ್ಟ ಮೇಲೆ ತೊಂದರೆ ಇಲ್ಲ.

ಎಡ ಮಡ್‌ಗಾರ್ಡಿಗೂ ಬಾಗಿಲಿಗೂ ನಡುವೆ ಮೇಲೆ 7.5, ಕೆಳಗೆ 4.5 ಇತ್ತು. ಈ ಸಲ ಅಂಚಿನ ತಂಟೆಗೆ ಹೋಗಲಿಲ್ಲ, ನೇರ ಮುಂದೆ ಹೋಗಿ ರೇಡಿಯೇಟರ್ ಚೌಕಟ್ಟಿನ ಬುಡ ನೋಡಿದೆ. ಮಡ್‌ಗಾರ್ಡಿನ ಮೂತಿ ಆ ಚೌಕಟ್ಟಿಗೆ ಕಟ್ಟಿರುತ್ತದೆ. ಮೂತಿ ಎತ್ತಿದರೆ ಹಿಂದಿನ ಅಂಚಿನ ಮೇಲ್ಭಾಗ ಬಾಗಿಲ ಕಡೆ ವಾಲುತ್ತದೆ, ಕೆಳಭಾಗ ಬಿಡಿಸಿಕೊಳ್ಳುತ್ತದೆ. 3 ಮಿ.ಮೀ. ಪ್ಯಾಕಿಂಗ್ ಒಂದು ಕೊಟ್ಟಾಗ ಮೇಲೂ ಕೆಳಗೂ ಇದ್ದ ವ್ಯತ್ಯಾಸ 1.5 ಕಡಿಮೆಯಾಯಿತು. ಇನ್ನೊಂದು ಕೊಟ್ಟೆ. ಮೇಲೆ 6, ಕೆಳಗೆ 6. ಅರ್ಧ ಗಂಟೆಯ ಕೆಲಸ.

ಬೋಲ್ಟಿನ ವಿಷಯ. ಈ ಗಾಡಿಯ ಬೋಲ್ಟೆಲ್ಲ ಇಂಚಿನವು. ತಗಡಿಗೆ ಇರುವುದು ಹೆಚ್ಚಿನವು 5/16. ನಮ್ಮ ಅಂಗಡಿಗಳಲ್ಲಿ ಸಲೀಸಾಗಿ ಸಿಗುವ 8 ಮಿ.ಮೀ. ಬೋಲ್ಟು ನೋಡಲು ಅದೇ ದಪ್ಪ, ಎರಡು ಸುತ್ತು ಹತ್ತುತ್ತದೆ ಕೂಡ. ಮೂರನೇ ಸುತ್ತಿಗೆ ಬಿಗಿಯಾದಾಗ ನಾನು ಸ್ಪ್ಯಾನರ್ ಹಾಕಿ ಒತ್ತಿದೆ. ತಗಡಿಗೆ ಬೆಸೆದ ನಟ್ಟಿನ ಮರೆ (ಒಳಗಿನ ತಿರುಪಿನ ಗೆರೆ) ಹೋಯಿತು, ನಟ್ಟೂ ಕಿತ್ತು ಬಂತು. ಮರೆಯ ಲೆಕ್ಕವೇ ಬೇರೆ ಬೇರೆ ಇರುವಾಗ ದಪ್ಪ ಒಂದೇ ಇದ್ದು ಪ್ರಯೋಜನವಿಲ್ಲ. ಇಂಚಿನ ಬೋಲ್ಟು ಹುಡುಕಿಸಿ ತರಿಸಿದೆ, 1,100.

ಮೇ 26, 2024

ಈ ತಿಂಗಳು ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಶುರುವಾಗಿದೆ. ಬಲಗಡೆ ಬಾಗಿಲನ್ನು ಉಜ್ಜಿ ಬರಿ ತಗಡು ಮಾಡಿ ಒಂದು ರಾತ್ರಿ ಬಿಟ್ಟಿದ್ದಕ್ಕೆ ಬೆಳಿಗ್ಗೆ ಅದರ ಮೇಲೆ ನನ್ನ ಐದೂ ಬೆರಳಿನ ಗುರುತು ಕೆಂಪಗೆ ಮೂಡಿತ್ತು; ಕೈಬೆವರು ಬಿದ್ದಲ್ಲೆಲ್ಲ ತುಕ್ಕು. ಪುನಃ ಉಜ್ಜಿ, ತಿನ್ನರಿನಲ್ಲಿ ಒರೆಸಿ, ಅದೇ ಗಂಟೆಯಲ್ಲಿ ಪ್ರೈಮರ್ ಹೊಡೆದೆ. ಮಲೆನಾಡಿನಲ್ಲಿ ಬರಿ ತಗಡನ್ನು ಕತ್ತಲಿಗೆ ಬಿಡಬಾರದು.

ಖರ್ಚು: ಲೇತು 1,800, ತಗಡು 2,400, ಮೇಸ್ತ್ರಿಯ ನಾಲ್ಕು ದಿನದ ಕೂಲಿ 6,000, ಅವರ ಬಸ್ಸು ಮತ್ತೆ ಊಟ 900, ಗ್ಯಾಸು, ಕಡ್ಡಿ 2,700, ಬೆಲ್ಟು 350, ರಬ್ಬರ್ 2,150, ಬೋಲ್ಟು 1,100, ಪ್ರೈಮರು, ಪೇಪರು 3,600. ಒಟ್ಟು 21,000. ನಾಲ್ಕು ದಿನದ ಕೂಲಿಯಲ್ಲಿ ಎರಡು ದಿನದ್ದು ನಾನು ಮಾಡಿದ ಹಾಳನ್ನು ಸರಿಮಾಡಲಿಕ್ಕೇ ಹೋಯಿತು.

ಇವತ್ತಿನ ಅಳತೆ: ಬಲ ಬಾಗಿಲು ಸುತ್ತ 5, ಕೆಳಗೆ 5.5. ಎಡ ಬಾಗಿಲು ಸುತ್ತ 5, ಹಿಂದೆ ಕೆಳಗೆ 5.5. ಮಡ್‌ಗಾರ್ಡು ಎರಡೂ ಕಡೆ 6. ಬಾನೆಟ್ಟಿನ ಬಲ ಹಿಂಮೂಲೆ ಇನ್ನೂ 2 ಮಿ.ಮೀ. ಎತ್ತರ ನಿಂತಿದೆ. ಹಿಂಜಿನಲ್ಲಿ ಸರಿಸಿದರೆ ಎಡಮೂಲೆ ಇಳಿಯುತ್ತದೆ. ಮೇಸ್ತ್ರಿಗೆ ಫೋನ್ ಮಾಡಿದೆ. "ಬಾನೆಟ್ಟಿಗೆ ಕೈ ಹಾಕ್ಬೇಡಿ, ನಾನು ಬರೋ ತನಕ ಬಲಗಡೆ ರೇಡಿಯೇಟರ್ ಕೆಳಗೆ ಎಷ್ಟಿದೆ ಅಳೆದು ಇಡಿ" ಅಂದರು. ಅಳೆದಿದ್ದೇನೆ. ಎಡಗಡೆಗಿಂತ 4 ಮಿ.ಮೀ. ಕಡಿಮೆ ಇದೆ.